ಕರ್ಜಿಕಾಯಿ ಲೆಕ್ಕ

2020ರ ಡಿಸೆಂಬರ್. ಕೊರೊನಾದಿಂದ ಶಾಲೆ ಮುಚ್ಚಿ, ದಾವಣಗೆರೆಯ ನಮ್ಮ ಮನೇಲೇ ಮಗಳ ಒಂದನೇ ಕ್ಲಾಸು. ನಾನು ಮೀಟಿಂಗಲ್ಲಿದ್ರೆ ಅವಳು ಅಜ್ಜಿಯ ಕಂಬಳಿಯೊಳಗೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅವ್ವ ಏನು ಕಲಿಸ್ತಾಳೆ ಅಂತ ಆನ್‌ಲೈನ್ ಟ್ಯೂಷನ್ನಿಗೆ ದುಡ್ಡು ಕಟ್ಟಿದ್ದೆ. (ಬಿಇ ಓದಿದ ಅಹಂಕಾರ, ಇನ್ನೇನು!) ಕ್ರಿಸ್‌ಮಸ್‌ಗೆ ಕರ್ಜಿಕಾಯಿ ಕರೀತಾ ಅವ್ವ, "ಹನ್ನೆರಡ್ರಾಗೆ ನಿಮ್ಮಪ್ಪ ನಾಲ್ಕು ಕದ್ದ, ಎಷ್ಟುಳೀತವ್ವಾ?" ಅಂತಿದ್ಲು. ತಟ್ಟೇಲಿ ಹಿಟ್ಟು ಹರವಿ ಬೆರಳಲ್ಲಿ ಒತ್ತಕ್ಷರ ಬರೆಸ್ತಿದ್ಲು.

ಹಬ್ಬದ ದಿನ ಹರಿಹರದ ಆರೋಗ್ಯಮಾತೆ ಚರ್ಚಿಗೆ ಹೋದ್ವಿ. ಚಳಿ, ಸ್ವೆಟರು, ಮಾಸ್ಕು. ಬೋರ್ಡ್ ಕಂಡ ಮಗಳು ತಾನೇ ನಿಂತು, "ಆ... ರೋ... ಗ... ಮಾತೆ" ಅಂತ ಓದಿದಳು. ನನಗೆ ಗಂಟಲು ಕಟ್ಟಿತು. ಅವ್ವ ಮಾತ್ರ, "ಗ ಅಲ್ಲ, ಗ್ಯ. ಆ ಒತ್ತು ಯಾರು ಓದ್ಬೇಕು?" ಅಂದ್ಲು.