ಎರಡು ಹಲ್ಲು, ಒಂದು ತಲೆ

ಕಳೆದ ದಸರಾ ರಜೆಯಲ್ಲಿ ಜಹೀರಾಬಾದಿನಿಂದ ಬೆಳಗಿನ ಬಸ್ಸು ಹಿಡಿದು ಹೈದರಾಬಾದಿಗೆ ಹೊರಟಾಗ, ನಮ್ಮ ಎಂಟು ವರ್ಷದ ಮಗ ನಮ್ಮೊಡನೆ ನೆಟ್ಟಗೆ ಮಾತಾಡುತ್ತಿರಲಿಲ್ಲ. ತಪ್ಪು ನಮ್ಮದೇ. ಗಣಿತದ ನೋಟುಬುಕ್ಕಿನ ತುಂಬ ಅವನು ಡೈನೋಸಾರ್ ಬರೆದಿದ್ದ. ಒಂದಕ್ಕೆ ಆನೆಯ ಕಾಲು, ಒಂದಕ್ಕೆ ನವಿಲಿನ ಬಾಲ, ಇನ್ನೊಂದಕ್ಕೆ ಮೂರು ತಲೆ. ಅಂಕ ಕಡಿಮೆ ಬಂದ ದಿನ, “ಇಲ್ಲದ ಪ್ರಾಣಿ ಬರೆದು ಏನು ಸಿಗ್ತದ?” ಎಂದು ಆ ಹಾಳೆಗಳನ್ನು ಹರಿದುಬಿಟ್ಟೆವು. ಅವನು ಅಳಲಿಲ್ಲ. ಬರೆಯುವುದನ್ನೇ ನಿಲ್ಲಿಸಿದ.

ನಮ್ಮ ಬಾಲ್ಯವೇನು ಬೇರೆಯಾಗಿತ್ತೇ? ಅಜ್ಜಿ ಹೇಳುತ್ತಿದ್ದ ಏಳು ಹೆಡೆಯ ಸರ್ಪ ರಾತ್ರಿಯೆಲ್ಲ ನಮ್ಮ ಹಾಸಿಗೆಯ ಸುತ್ತ ತಿರುಗುತ್ತಿತ್ತು. ಭಾನುವಾರ ಪೂಜೆಯ ಹೊತ್ತಿನಲ್ಲಿ ನಮ್ಮ ಕಣ್ಣು ಸಂತ ಮಿಕೇಲರ ಮೇಲಲ್ಲ, ಅವರ ಪಾದದಡಿಯ ಘಟಸರ್ಪದ ಮೇಲಿರುತ್ತಿತ್ತು. ಇದೆಲ್ಲ ನಮಗೆ ಮರೆತೇ ಹೋಗಿತ್ತು.

ಹೈದರಾಬಾದಿನ ನೌಬತ್ ಪಹಾಡ್ ಗುಡ್ಡದ ಮೇಲೆ ಬಿರ್ಲಾ ವಿಜ್ಞಾನ ಕೇಂದ್ರವಿದೆ. ಪಕ್ಕದ ತಾರಾಲಯ 1985ರಿಂದ ನಡೆಯುತ್ತಿದೆ. ಡೈನೋಸಾರ್ ವಿಭಾಗದ ಬಾಗಿಲಲ್ಲಿ ಮಗ ನಮ್ಮ ಕೈ ಬಿಟ್ಟು ಓಡಿದ. ನಾವು ಒಳಗೆ ಹೋಗುವಷ್ಟರಲ್ಲಿ ಒಂದು ದೈತ್ಯ ಅಸ್ಥಿಪಂಜರದ ಕೆಳಗೆ ಬಾಯಿ ತೆರೆದು ನಿಂತಿದ್ದ. ಕಂಬದಂಥ ಕಾಲು, ಮುಗಿಯದ ಬಾಲ, ಎತ್ತಿದ ಉದ್ದ ಕೊರಳು.

ಇದರ ಹೆಸರು ಕೋಟಾಸಾರಸ್. ಪರದೇಶದ್ದಲ್ಲ, ನಮ್ಮ ತೆಲಂಗಾಣದ್ದೇ. 1970ರ ದಶಕದ ಕೊನೆಯಲ್ಲಿ ಪ್ರಾಣಹಿತಾ–ಗೋದಾವರಿ ಕಣಿವೆಯ ಯಮನಪಲ್ಲಿ ಗ್ರಾಮದ ಬಳಿ ಇದರ ಮೂಳೆಗಳು ಸಿಕ್ಕವು. ಒಂದೆರಡಲ್ಲ, 840 ತುಂಡುಗಳು. ಕನಿಷ್ಠ 12 ಪ್ರಾಣಿಗಳವು. 1988ರಲ್ಲಿ ವಿಜ್ಞಾನಿ ಪಿ. ಯಾದಗಿರಿ ಅವರು ಇದಕ್ಕೆ ‘ಕೋಟಾಸಾರಸ್ ಯಮನಪಲ್ಲಿಯೆನ್ಸಿಸ್’ ಎಂದು ನಾಮಕರಣ ಮಾಡಿದರು. ಹೀಗೆ ಒಂದು ಸಣ್ಣ ಹಳ್ಳಿಯ ಹೆಸರು ಜಗತ್ತಿನ ವಿಜ್ಞಾನ ಗ್ರಂಥಗಳನ್ನು ಸೇರಿತು. 15 ಕೋಟಿ ವರ್ಷಗಳಿಗೂ ಹಿಂದೆ ಜುರಾಸಿಕ್ ಕಾಲದಲ್ಲಿ ಬಾಳಿದ ಈ ಪ್ರಾಣಿ ಸೊಪ್ಪು ಸದೆ ತಿನ್ನುತ್ತಿದ್ದ ಸಾಧು ಜೀವಿ.

ಅಲ್ಲಿದ್ದ ಸಿಬ್ಬಂದಿಯೊಬ್ಬರು ಮಗನ ಆಸಕ್ತಿ ಕಂಡು ತೆಲುಗಿನಲ್ಲಿ ಹೇಳಿದರು: “ಬಾಬೂ, ಅಷ್ಟು ಮೂಳೆ ಸಿಕ್ಕರೂ ತಲೆಬುರುಡೆ ಸಿಗಲಿಲ್ಲ. ಸಿಕ್ಕಿದ್ದು ಎರಡು ಹಲ್ಲು ಮಾತ್ರ. ಈ ತಲೆ ನಾವು ಮಾಡಿ ಕೂಡಿಸಿದ್ದು.”

ಮಗನಿಗೆ ಬೇಸರವಾಯಿತೇನೋ ಎಂದುಕೊಂಡೆವು. ಅವನು ಆ ತಲೆಯನ್ನೇ ಬಹಳ ಹೊತ್ತು ನೋಡಿದ. ಆಮೇಲೆ ನಮ್ಮ ಕಡೆ ತಿರುಗಿ, “ಹಂಗಾದ್ರ ಅಪ್ಪಾ, ದೊಡ್ಡವರೂ ಮನಸಿನ್ಯಾಗ ನೋಡಿ ಮಾಡ್ಯಾರ?” ಎಂದ.

ನಾವು ತಕ್ಷಣ ಉತ್ತರಿಸಲಿಲ್ಲ. ಅವರು ಮನಬಂದಂತೆ ಮಾಡಿಲ್ಲ, ಇದರ ಹತ್ತಿರದ ಬಳಗದ ಪ್ರಾಣಿಗಳನ್ನು ನೋಡಿ, ಅಳೆದು, ಹೋಲಿಸಿ ಮಾಡಿದ್ದಾರೆ ಎಂದು ಆಮೇಲೆ ತಿಳಿಸಿ ಹೇಳಿದೆವು. ಆದರೆ ಕಾಣದ್ದನ್ನು ಮನಸ್ಸಿನಲ್ಲಿ ಕಾಣಲು ಬಾರದವರು ಎರಡು ಹಲ್ಲು ಹಿಡಿದು ಏನು ಮಾಡಿಯಾರು? ನಾವು ಹರಿದದ್ದು ಬರೀ ಹಾಳೆಗಳನ್ನಲ್ಲ ಎಂದು ಆಗ ತಿಳಿಯಿತು. ಆ ಅಸ್ಥಿಪಂಜರದ ನೆರಳಲ್ಲೇ, “ನಮ್ದು ತಪ್ಪಾತು ಮಗಾ” ಎಂದೆವು. ಅವನು ಏನೂ ಅನ್ನದೆ ನಮ್ಮ ಕೈ ಹಿಡಿದ.

ಸಂಜೆ ಬಸ್ಸು ಪಟಾನ್‌ಚೆರು ದಾಟುವಾಗ, “ಅಪ್ಪಾ, ಪೆನ್ನು ಅದ ಏನು?” ಎಂದು ಕೇಳಿದ. ಮಿರ್ಚಿ ಕಟ್ಟಿಸಿಕೊಂಡಿದ್ದ ಕಾಗದ ಬಿಡಿಸಿ, ತೊಡೆಯ ಮೇಲಿಟ್ಟು ಬರೆಯತೊಡಗಿದ. ಸಂಗಾರೆಡ್ಡಿ ಬರುವಷ್ಟರಲ್ಲಿ ಕಾಲು, ಬಾಲ, ಕೊರಳು ಮುಗಿದಿದ್ದವು.

“ತಲಿ ಎಲ್ಲಿ?” ಎಂದೆವು.

“ನಾಳೆ ಬರೀತೀನಿ. ವಿಚಾರ ಮಾಡಬೇಕು.”