ಮೊದಲ ಕ್ಯಾಮರಾ

ಅರಭಾವಿಯಲ್ಲಿರುವ ನಮ್ಮ ತಮ್ಮನ ಮಗ ರೀಲಿನ ರೇಂಜ್‌ಫೈಂಡರ್ ಕ್ಯಾಮರಾ ಕೊಳ್ಳಲು ನಮ್ಮ ಸಲಹೆ ಕೇಳಿದ. 1954ರ ಲೈಕಾ ಎಂ3 ಶ್ರೇಷ್ಠವೇನೋ ಹೌದು, ಬೆಲೆ ನಮ್ಮಂಥವರಿಗೆ ನಿಲುಕದು. 1966ರಲ್ಲಿ ಬಂದ ಯಾಶಿಕಾ ಎಲೆಕ್ಟ್ರೋ 35 ಸಾಕೆಂದೆವು. ಅದರ 45 ಮಿ.ಮೀ. ಮಸೂರವನ್ನು ಬದಲಿಸಲಾಗದು, ಕಲಿಯುವವನಿಗೆ ಅದೇ ಲೇಸು. ಹಳೆಯ ಪಾದರಸದ ಬ್ಯಾಟರಿಗೆ ಮಾತ್ರ ಬದಲಿ ಹುಡುಕಬೇಕು.

ನೋಟದ ಕಿಂಡಿಯಲ್ಲಿ ಎರಡು ಬಿಂಬಗಳು ಒಂದಾದಾಗ ಚಿತ್ರ ಸ್ಪಷ್ಟವಾಗುತ್ತದೆ. ಆದರೆ ಆ ನೋಟ ಮಸೂರದ ಮೂಲಕ ಬರುವುದಲ್ಲ. ಮಸೂರದ ಮುಚ್ಚಳ ತೆಗೆಯದಿದ್ದರೂ ಎಲ್ಲವೂ ಕಾಣುತ್ತದೆ. ದುರದುಂಡೀಶ್ವರ ಮಠದ ಅಂಗಳದಲ್ಲಿ ನಮ್ಮ ತಾಯಿಯವರನ್ನು ಕೂಡ್ರಿಸಿ ನಾವು ಹಾಗೆಯೇ ತೆಗೆದೆವು. ರೀಲು ತೊಳೆಸಿದಾಗ ಒಂದು ಚಿತ್ರವೂ ಮೂಡಿರಲಿಲ್ಲ. ಮರುವರ್ಷ ಅವರು ಲಿಂಗೈಕ್ಯರಾದರು.

“ಮೊದಲು ಮುಚ್ಚಳ ತೆಗೆದು ಕಿಸೆಯಲ್ಲಿಟ್ಟುಕೋ, ಆಮೇಲೆ ನಿಮ್ಮವ್ವನನ್ನು ಕೂಡ್ರಿಸು” ಎಂದೆವು.