ಗಯಾದಲ್ಲಿ ನಾಲ್ಕು ಕಿಲೋಮೀಟರ್

ಗಯಾಕ್ಕೆ ಹೊರಟಿದ್ದೇನೆ ಎಂದರೆ ನಮ್ಮ ಕಡೆಯವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ದನಿ ತಗ್ಗಿಸಿ ‘ಯಾರದು?’ ಎಂದು ಕೇಳುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ಮಾಧ್ವರ ಮನೆಗಳಲ್ಲಿ ಗಯಾ ಎಂಬುದು ಊರಿಗಿಂತ ಹೆಚ್ಚಾಗಿ ಒಂದು ಬಾಕಿ ಕೆಲಸ. ಹಾಗಾಗಿ 2024ರ ಜನವರಿಯಲ್ಲಿ ‘ಓಟದ ಸ್ಪರ್ಧೆ ಇದೆ, ಅದಕ್ಕೆ ಹೊರಟಿದ್ದೇವೆ’ ಎಂದಾಗ ಪುಣೆಯ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು ನಾನೇನೋ ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು.

ಓಡಬೇಕಾದವಳು ಅಕ್ಕನ ಮಗಳು ಪುಟ್ಟಿ. ಹತ್ತನೆಯ ತರಗತಿ, ಆಗಷ್ಟೇ ಹದಿನಾರು ತುಂಬಿತ್ತು. ಹುಟ್ಟಿದ್ದು, ಬೆಳೆದದ್ದು ಎಲ್ಲ ಪುಣೆಯಲ್ಲೇ. ಬೆಳಗಿನ ಐದಕ್ಕೆ ಎದ್ದು ವೇತಾಳ ಟೇಕಡಿ ಹತ್ತಿ ಇಳಿದು, ಆಮೇಲೆ ಶಾಲೆಗೆ ಹೋಗುವ ಹುಡುಗಿ. ರಾಜ್ಯದ ಆಯ್ಕೆ ಓಟದಲ್ಲಿ ಐದನೆಯವಳಾಗಿ ಮಹಾರಾಷ್ಟ್ರದ 18 ವರ್ಷದೊಳಗಿನ ಹುಡುಗಿಯರ ತಂಡ ಸೇರಿದ್ದಳು. ಆ ವರ್ಷದ ರಾಷ್ಟ್ರೀಯ ಕ್ರಾಸ್ ಕಂಟ್ರಿ ಗಯಾದಲ್ಲಿ.

ಅಕ್ಕ ಬ್ಯಾಂಕಿನಲ್ಲಿದ್ದಾಳೆ. ಎಲ್ಲದಕ್ಕೂ ಒಂದು ಟಾರ್ಗೆಟ್ ಇರಬೇಕು ಅವಳಿಗೆ. ‘ಮೊದಲ ಮೂವತ್ತರೊಳಗ ಬಂದ್ರ ಮುಂದ ಮಾತಾಡೋಣು. ಇಲ್ಲಾಂದ್ರ ಹನ್ನೊಂದನೆತ್ತಾದಾಗ ಬರೇ ಓದು’ ಎಂದು ಷರತ್ತು ಹಾಕಿದಳು. ಮೂವತ್ತು ಎಂಬ ಅಂಕಿ ಎಲ್ಲಿಂದ ಬಂತೋ ದೇವರೇ ಬಲ್ಲ. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಬಾವನಿಗೆ ರಜೆ ಇಲ್ಲ. ಲ್ಯಾಪ್‌ಟಾಪ್ ಇದ್ದಲ್ಲೇ ಆಫೀಸು ಎಂಬ ಕಾರಣಕ್ಕೆ ಜೊತೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಇದು ಗೊತ್ತಾದ ಕೂಡಲೇ ವಿಜಯಪುರದಿಂದ ಅವ್ವ ಫೋನ್ ಮಾಡಿದಳು. ಅಪ್ಪ ತೀರಿಕೊಂಡು ವರ್ಷ ದಾಟಿತ್ತು. ‘ಹೆಂಗೂ ಹೊಂಟೀಯಲ್ಲ, ಅದನ್ನೂ ಮುಗಿಸಿ ಬಾ.’ ಪಿತೃಪಕ್ಷವೇ ಆಗಬೇಕೆಂದಿಲ್ಲ, ಗಯಾದಲ್ಲಿ ಯಾವ ಕಾಲದಲ್ಲಿ ಮಾಡಿದರೂ ನಡೆಯುತ್ತದೆ ಎಂಬುದನ್ನು ಆಕೆ ಮೊದಲೇ ಆಚಾರ್ಯರಲ್ಲಿ ಕೇಳಿಟ್ಟುಕೊಂಡಿದ್ದಳು.

ಕ್ರಾಸ್ ಕಂಟ್ರಿ ನಮ್ಮಲ್ಲಿ ಹೆಚ್ಚು ಜನ ನೋಡುವ ಆಟವಲ್ಲ. ಟ್ರ್ಯಾಕ್ ಇಲ್ಲ, ಗೆರೆ ಎಳೆದ ಲೇನ್ ಇಲ್ಲ. ಮಣ್ಣು, ಹುಲ್ಲು, ತಗ್ಗು ದಿಬ್ಬ ಇರುವ ಬಯಲಿನಲ್ಲಿ ಒಂದು ಸುತ್ತಿನ ದಾರಿ ಗುರುತು ಮಾಡಿರುತ್ತಾರೆ, ಅದನ್ನೇ ಸುತ್ತಬೇಕು. 18ರೊಳಗಿನ ಹುಡುಗಿಯರಿಗೆ 4 ಕಿಲೋಮೀಟರ್, ಹುಡುಗರಿಗೆ 6, ದೊಡ್ಡವರಿಗೆ 10. ಒಂದೊಂದು ಊರಿನ ನೆಲ ಒಂದೊಂದು ಥರ ಇರುವುದರಿಂದ ವೇಳೆಯನ್ನು ಹೋಲಿಸಿ ನೋಡಿ ಅರ್ಥವಿಲ್ಲ. ಎಷ್ಟನೆಯವರಾಗಿ ಬಂದಿರಿ ಎಂಬುದೇ ಮುಖ್ಯ. ತಂಡದ ಮೊದಲ ಕೆಲವರ ಸ್ಥಾನಗಳನ್ನು ಕೂಡಿಸುತ್ತಾರೆ, ಮೊತ್ತ ಕಡಿಮೆ ಇದ್ದ ತಂಡ ಗೆದ್ದಂತೆ. ಒಂದು ಕಾಲಕ್ಕೆ ಇದು ಒಲಿಂಪಿಕ್ಸಿನಲ್ಲೂ ಇತ್ತು. 1924ರ ಪ್ಯಾರಿಸ್ಸಿನಲ್ಲಿ ಸುಡುಬಿಸಿಲಿಗೆ ಓಟಗಾರರು ದಾರಿಯಲ್ಲೇ ಕುಸಿದರು; ಹೊರಟ 38 ಜನರಲ್ಲಿ ಗುರಿ ಮುಟ್ಟಿದವರು 15. ಆ ಮೇಲೆ ಅದನ್ನು ಕೈಬಿಟ್ಟರು. ಆದರೆ ದೂರದ ಓಟದವರ ಮೊದಲ ಪಾಠಶಾಲೆ ಇವತ್ತಿಗೂ ಇದೇ. ಬೀಡ ಜಿಲ್ಲೆಯ ಅವಿನಾಶ ಸಾಬಳೆ ಸ್ಟೀಪಲ್‌ಚೇಸಿಗೆ ಬರುವ ಮುಂಚೆ ಸೈನ್ಯದಲ್ಲಿ ಓಡಿದ್ದು ಕ್ರಾಸ್ ಕಂಟ್ರಿಯನ್ನೇ.

ಕಲ್ಯಾಣದಲ್ಲಿ ರಾತ್ರಿ ಹೌರಾ ಮೇಲ್ ಹಿಡಿದೆವು. ಇಟಾರ್ಸಿ, ಜಬಲ್ಪುರ, ಪ್ರಯಾಗರಾಜದ ಮೇಲೆ ಹಾಯ್ದು ಹೋಗುವ ಗಾಡಿ. ಸುಮಾರು 1,600 ಕಿಲೋಮೀಟರ್, ಎರಡು ರಾತ್ರಿ ಒಂದು ಹಗಲು. ಮಹಾರಾಷ್ಟ್ರದ ಹುಡುಗಿಯರೆಲ್ಲ ಸ್ಲೀಪರ್ ಬೋಗಿಯಲ್ಲಿದ್ದರು, ನಾನೂ ಅಲ್ಲೇ ಒಂದು ಮೇಲಿನ ಬರ್ತ್ ಹಿಡಿದೆ. ನಾಸಿಕ, ಕೊಲ್ಹಾಪುರ, ಪರಭಣಿ, ಸಾಂಗ್ಲಿ ಕಡೆಯ ಮಕ್ಕಳು. ನಾಸಿಕದ ಹುಡುಗಿಯ ಮಾತಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಕವಿತಾ ರಾವುತರ ಹೆಸರು ಬರುತ್ತಿತ್ತು. 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ 10,000 ಮೀಟರಿನ ಕಂಚು ಗೆದ್ದ ಆಕೆ ಇವಳ ಪಕ್ಕದ ತಾಲೂಕಿನವರಂತೆ. ಊಟದ ಡಬ್ಬಿಗಳೆಲ್ಲ ಒಂದಾದವು: ಭಾಕರಿ, ಶೇಂಗಾ ಚಟ್ನಿ, ಅಕ್ಕ ಕಟ್ಟಿಕೊಟ್ಟ ಎಣ್ಣೆಗಾಯಿ.

ಹಗಲೆಲ್ಲ ಮೇಲಿನ ಬರ್ತಿನಲ್ಲಿ ಮೊಣಕಾಲು ಮಡಚಿ ಕೋಡ್ ನೋಡುತ್ತ ನಾನು ಕೇಳಿಸಿಕೊಂಡದ್ದು ಹೆಚ್ಚಾಗಿ ನೌಕರಿಯ ಮಾತು. ರೈಲ್ವೆಯಲ್ಲಿ ಸ್ಪೋರ್ಟ್ಸ್ ಕೋಟಾ ಯಾವಾಗ ಕರೀತಾರೆ, ಪೊಲೀಸ್ ಭರತಿಗೆ ಯಾವ ಸರ್ಟಿಫಿಕೇಟ್ ನಡೆಯುತ್ತದೆ, ಯಾರ ಅಕ್ಕನಿಗೆ ಎಲ್ಲಿ ಸಿಕ್ಕಿತು. ಅವರಿಗೆ ಈ ಓಟ ಅಂದರೆ ಹೊಲ ಬಿಟ್ಟು ಹೊರಗೆ ಬರುವ ಬಾಗಿಲು. ಪುಟ್ಟಿಗೆ ಇದು ತಾಯಿ ‘ಸಾಕು’ ಅಂದರೆ ನಿಲ್ಲಿಸಬಹುದಾದ ಸಂಗತಿ. ಆಕೆ ಆ ಮಾತುಗಳಲ್ಲಿ ಸೇರಲಿಲ್ಲ. ಭೂಗೋಲದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

ಪ್ರಯಾಗರಾಜ ದಾಟುವಷ್ಟರಲ್ಲಿ ಮಂಜು ಇಳಿಯಿತು. ಗಾಡಿ ನಡೆದಷ್ಟೇ ನಿಂತಿತು. ಬೆಳಗಾಗುವ ಮೊದಲೇ ಗಯಾದಲ್ಲಿರಬೇಕಾದವರು ಬೆಳಕು ಹರಿದಾಗ ಇನ್ನೂ ಸಾಸಾರಾಮಿನಲ್ಲಿದ್ದೆವು. ಶೇರ್ ಶಾಹನ ಗೋರಿ ಇರುವ ಊರು. ಕಿಟಕಿಯಾಚೆ ಪ್ಲಾಟ್‌ಫಾರ್ಮೇ ಕಾಣುತ್ತಿರಲಿಲ್ಲ. ಡೆಹ್ರಿ ದಾಟಿದ ಮೇಲೆ ಸೋನ್ ನದಿ. 1900ರಲ್ಲಿ ತೆರೆದ, ಸುಮಾರು 3 ಕಿಲೋಮೀಟರ್ ಉದ್ದದ ಸೇತುವೆ ಅದು. ಮಂಜಿನಲ್ಲಿ ಆ ದಡವೂ ಇಲ್ಲ, ಈ ದಡವೂ ಇಲ್ಲ, ಗಾಲಿಯ ಸದ್ದೊಂದೇ. ‘ಮಾಮಾ, ನನ್ನ ರೇಸು ಇದಕ್ಕಿಂತ ಒಂದು ಕಿಲೋಮೀಟರ್ ಜಾಸ್ತಿ’ ಎಂದಳು ಪುಟ್ಟಿ. ಎರಡು ದಿನದಲ್ಲಿ ರೇಸಿನ ಬಗ್ಗೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

ತಂಡದ ಜೊತೆಗಿದ್ದ ಹಿರಿಯ ತರಬೇತುದಾರರು ಉತ್ತರದ ಕಡೆ ಕೈ ತೋರಿಸಿ, ಆ ಕಡೆ ಬಕ್ಸರ್, ಶಿವನಾಥ ಸಿಂಗ್ ಅಲ್ಲಿಯವರು ಎಂದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ 11ನೆಯವರಾಗಿ ಬಂದ ಮನುಷ್ಯ. 1978ರಲ್ಲಿ ಜಲಂಧರಿನಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆ ನಾವು ಆ ಸೇತುವೆ ದಾಟಿದ ದಿನವೂ ಹಾಗೇ ಇತ್ತು. ನಾನು ಹುಟ್ಟುವ ಮುಂಚಿನ ದಾಖಲೆ! ನಮ್ಮ ಕ್ಷೇತ್ರದಲ್ಲಾದರೆ ಐದು ವರ್ಷ ಹಳೆಯ ಸಾಫ್ಟ್‌ವೇರನ್ನೇ ಪಳೆಯುಳಿಕೆ ಅನ್ನುತ್ತೇವೆ.

ಓಟದ ದಿನ ಬೆಳಿಗ್ಗೆ ಕೈ ಬೆರಳು ಮರಗಟ್ಟುವ ಚಳಿ. ಬಿದಿರು ಗೂಟ, ಬಣ್ಣದ ಪಟ್ಟಿ ಕಟ್ಟಿ ಗುರುತು ಮಾಡಿದ ದಾರಿ ಹತ್ತು ಮಾರಿನಾಚೆ ಮಂಜಿನಲ್ಲಿ ಕರಗುತ್ತಿತ್ತು. ಹುಡುಗಿಯರು ಶಾಲು, ಜಾಕೀಟು ಹೊದ್ದುಕೊಂಡೇ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಕೆಲವರ ಕಾಲಲ್ಲಿ ಮೊಳೆಯ ಬೂಟು, ಕೆಲವರದು ಸಾದಾ ಕ್ಯಾನ್ವಾಸು. ‘ದಮ್ಮು ಮೊದಲೇ ಖರ್ಚು ಮಾಡಬ್ಯಾಡ’ ಎಂದು ನಾನು ಪುಟ್ಟಿಗೆ ಹೇಳುತ್ತಿದ್ದಾಗ ಪಕ್ಕದಲ್ಲಿ ಕಾಲು ಚಾಚುತ್ತಿದ್ದ ಸಣಕಲು ಹುಡುಗಿಯೊಬ್ಬಳು ತಿರುಗಿದಳು. ಬೆನ್ನ ಮೇಲೆ ಕರ್ನಾಟಕ ಎಂದು ಬರೆದಿತ್ತು.

‘ಕನ್ನಡದವರೇನ್ರಿ? ಮತ್ತ ಮಹಾರಾಷ್ಟ್ರದ ಅಂಗಿ ಹಾಕ್ಯಾಳ?’

ಬೆಳಗಾವಿ ಕಡೆಯ ಮಾತು. ಸ್ಪೋರ್ಟ್ಸ್ ಹಾಸ್ಟೆಲ್ಲಿನಲ್ಲಿದ್ದಾಳಂತೆ, ಮನೆಯಲ್ಲಿ ಕಬ್ಬು. ಪುಟ್ಟಿ ನನ್ನ ಕಡೆ ನೋಡಿದಳು. ‘ನಾವು ಪುಣೆದಾಗ ಇರ್ತೀವಿ’ ಎಂದೆ. ‘ಹೌದ? ಅಲ್ಲಿಂದನ ಸೆಲೆಕ್ಷನ್ ಸರಳ ಆಗೂದಿಲ್ಲಲ್ಲ’ ಎಂದಳು ಆ ಹುಡುಗಿ. ಅದರಲ್ಲಿ ವ್ಯಂಗ್ಯವಿರಲಿಲ್ಲ, ಒಬ್ಬ ಓಟಗಾರ್ತಿ ಇನ್ನೊಬ್ಬಳನ್ನು ಅಳೆದ ಬಗೆ ಅಷ್ಟೆ. ನಾನು ಮಾತ್ರ ಆ ಪ್ರಶ್ನೆಗೆ ಸರಿಯಾದ ಉತ್ತರ ಏನಿರಬಹುದು ಎಂದು ಯೋಚಿಸುತ್ತ ನಿಂತೆ. ಪುಣೆಯಲ್ಲಿ ಹದಿನಾಲ್ಕು ವರ್ಷ ಇದ್ದವನಿಗೆ ಆ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎರಡೂ ಕಡೆಯಿಂದ ಬರುತ್ತಲೇ ಇರುತ್ತದೆ.

ಎಲ್ಲ ರಾಜ್ಯದ ಹುಡುಗಿಯರು ಒಂದೇ ಉದ್ದನೆಯ ಗೆರೆಯ ಮೇಲೆ ನಿಂತರು. ಗುಂಡು ಹಾರಿತು. ಮೊದಲ ಇನ್ನೂರು ಮೀಟರ್ ಸಂತೆಯ ನೂಕುನುಗ್ಗಲು. ಮೊಣಕೈ, ಧೂಳು, ಯಾರೋ ಬಿದ್ದರು, ಯಾರೋ ಹಾರಿದರು. ಆಮೇಲೆ ಎಲ್ಲರನ್ನೂ ಮಂಜು ನುಂಗಿತು. ಕ್ರಾಸ್ ಕಂಟ್ರಿ ನೋಡುವುದೆಂದರೆ ಬಹುಪಾಲು ಕಾಯುವುದು. ಅಲ್ಲಿ ನಿಂತ ಅಪ್ಪಂದಿರು, ತರಬೇತುದಾರರು ಎಲ್ಲರೂ ಖಾಲಿ ಬಿಳುಪನ್ನು ದಿಟ್ಟಿಸುತ್ತಿದ್ದೆವು. ಮೊದಲು ಕಾಲಿನ ಸಪ್ಪಳ, ಆಮೇಲೆ ಉಸಿರು, ಆಮೇಲೆ ಆಕಾರಗಳು. ಮೊದಲ ಸುತ್ತು ಮುಗಿದಾಗ ಪುಟ್ಟಿ ಐವತ್ತರ ಆಚೆ ಇದ್ದಳು, ನಾನು ಎಣಿಸಿದೆ. ಮುಖ ಕೆಂಪಾಗಿರಲಿಲ್ಲ, ಬಾಯಿ ಮುಚ್ಚಿತ್ತು. ಅದು ಒಳ್ಳೆಯ ಲಕ್ಷಣ ಎಂದು ಪಕ್ಕದ ತರಬೇತುದಾರರು ಹೇಳಿದರು.

ಎರಡನೆಯ ಸುತ್ತಿನಲ್ಲಿ ಟೇಕಡಿ ಹತ್ತಿದ ಕಾಲು ಕೆಲಸ ಮಾಡಿತು. ದೂರದ ತಿರುವಿನಲ್ಲಿ ಕಂಡಾಗ ಅವಳು ಒಬ್ಬೊಬ್ಬರನ್ನೇ ದಾಟುತ್ತಿದ್ದಳು. ಕೊನೆಯ ನೇರ ದಾರಿಗೆ ಬಂದಾಗ ಅವಳ ಭುಜಕ್ಕೆ ಭುಜ ಹಚ್ಚಿ ಓಡುತ್ತಿದ್ದವಳು ಅದೇ ಕಬ್ಬಿನ ಹೊಲದ ಹುಡುಗಿ. ನನ್ನ ಬಾಯಿಂದ ತಾನಾಗಿ ಬಂದದ್ದು ಕನ್ನಡ. ‘ಓಡವ್ವಾ, ಓಡು! ಬಿಡಬ್ಯಾಡ!’ ಸುತ್ತ ಹಿಂದಿ, ಮರಾಠಿ, ಪಂಜಾಬಿ ಕೂಗಾಟದ ನಡುವೆ ಆ ಕೂಗು ಇಬ್ಬರ ಕಿವಿಗೂ ಬಿತ್ತು. ಇಬ್ಬರೂ ಜೋರು ಮಾಡಿದರು. ಬೆಳಗಾವಿ ಹುಡುಗಿ ಒಂದು ಹೆಜ್ಜೆ ಮುಂದೆ ಗೆರೆ ದಾಟಿದಳು, 33. ಪುಟ್ಟಿ 34.

ಗೆರೆ ದಾಟಿ ಇಬ್ಬರೂ ಹುಲ್ಲಿನ ಮೇಲೆ ಮಕಾಡೆ ಬಿದ್ದಿದ್ದರು. ಉಸಿರು ಬಂದ ಮೇಲೆ ಪುಟ್ಟಿ ಹೇಳಿದ ಮೊದಲ ಮಾತು, ‘ಮಾಮಾ, ನೀ ಒದರಿದ್ದು ಆಕೀಗೆ ಹತ್ತೇತಿ!’ ಆ ಹುಡುಗಿ ಬಿದ್ದಲ್ಲಿಂದಲೇ ನಕ್ಕಳು. ತಂಡದ ಲೆಕ್ಕಕ್ಕೆ ಪುಟ್ಟಿಯ ಸ್ಥಾನ ಬೇಕಾಗಲಿಲ್ಲ. ಮಹಾರಾಷ್ಟ್ರದ ಸಾಕಷ್ಟು ಹುಡುಗಿಯರು ಅವಳಿಗಿಂತ ಮುಂದೆ ಬಂದಿದ್ದರು. ಅಕ್ಕನಿಗೆ ಫೋನ್ ಮಾಡಿ ಮೂವತ್ತನಾಲ್ಕು ಎಂದೆ. ಅವಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ‘ಉಂಡಾಳೇನು?’ ಎಂದು ಕೇಳಿದಳು.

ಮರುದಿನ ವಿಷ್ಣುಪಾದ. ಪುಟ್ಟಿಯೂ ತಂಡದವರ ಅನುಮತಿ ಪಡೆದು ಬಂದಳು, ಅಜ್ಜನ ಕೆಲಸ ಎಂದು. ಈಗಿರುವ ಗುಡಿ ಕಟ್ಟಿಸಿದ್ದು ಅಹಲ್ಯಾಬಾಯಿ ಹೋಳ್ಕರ್, 1787ರಲ್ಲಿ. ಪಕ್ಕದಲ್ಲೇ ಫಲ್ಗು. ಮರಳು ತೋಡಿದರಷ್ಟೇ ನೀರು, ಅದು ಸೀತೆಯ ಶಾಪ ಎಂದು ಅಜ್ಜಿ ಹೇಳುತ್ತಿದ್ದ ನದಿ. 2022ರಲ್ಲಿ ರಬ್ಬರ್ ಅಣೆಕಟ್ಟು ಹಾಕಿದ ಮೇಲೆ ಗುಡಿಯ ಮುಂದೆ ನೀರು ನಿಂತಿದೆ. ಇಲ್ಲಿನ ಗಯಾವಾಳ ಪಂಡಾಗಳು ಮಧ್ವಾಚಾರ್ಯರ ಪರಂಪರೆಯವರು. ಬಿಹಾರದ ನಡುವೆ ಉಡುಪಿಯ ನೆನಪು ತರುವ ನಾಮ ಮುದ್ರೆ ಕಂಡಾಗ ಮೊದಲ ಸಲ ಬಂದವರಿಗೆ ಆಶ್ಚರ್ಯವಾಗದೆ ಇರದು.

ಪಿಂಡಪ್ರದಾನ ಮುಗಿದ ಮೇಲೆ ಪಂಡಾ ತಮ್ಮ ಬಹಿ ತೆಗೆದರು. ಉದ್ದನೆಯ, ಕೆಂಪು ಬಟ್ಟೆ ಸುತ್ತಿದ ದಫ್ತರ. ಊರು, ಮನೆತನ ಹೇಳಿದೆ. ಅರ್ಧ ಗಂಟೆ ಹುಡುಕಿ ಒಂದು ಹಾಳೆಯ ಮೇಲೆ ಬೆರಳಿಟ್ಟರು. 1936, ನನ್ನ ಮುತ್ತಜ್ಜ. ಮೇಲೆ ಪಂಡಾಗಳ ಮನೆಯವರು ಬರೆದ ನಾಗರಿ ಅಕ್ಷರ, ಕೆಳಗೆ ಮುತ್ತಜ್ಜನ ಕನ್ನಡ ರುಜು. ನಾಗರಿಯನ್ನು ಪುಟ್ಟಿ ಸರಸರ ಓದಿದಳು: ಜಿಲ್ಹಾ ವಿಜಾಪುರ, ಇಲಾಖಾ ಮುಂಬಯಿ. ಕನ್ನಡವನ್ನು ಬೆರಳು ಹಿಡಿದು ಒಂದೊಂದೇ ಅಕ್ಷರ ಕೂಡಿಸಿದಳು.

‘ಮುತ್ತಜ್ಜ ಮುಂಬಯಿ ಯಾಕ?’

1956ರ ತನಕ ನಮ್ಮ ವಿಜಾಪುರ, ಅವಳಪ್ಪನ ಧಾರವಾಡ ಎರಡೂ ಮುಂಬಯಿಗೆ ಸೇರಿದ್ದವು ಎಂದು ಹೇಳಿದೆ. ‘ಅಂದ್ರ ಅಂವಾ ಬಂದಿದ್ರೂ ಮುಂಬಯಿ ಟೀಮಿಗೇ ಓಡ್ತಿದ್ದ’ ಎಂದಳು. ಬೆಳಗಾವಿ ಹುಡುಗಿ ಕೇಳಿದ ಪ್ರಶ್ನೆಯನ್ನು ಅವಳೂ ಒಳಗೆ ಇಟ್ಟುಕೊಂಡಿದ್ದಳು ಎಂಬುದು ಆಗ ತಿಳಿಯಿತು.

ತನ್ನ ಹೆಸರು ಎಲ್ಲಿ ಬರುತ್ತದೆ ಎಂದು ಅವಳು ಕೇಳಿದಳು. ಅವಳು ತಂದೆಯ ಮನೆತನದವಳು, ಆ ಊರಿನ ಬಹಿ ಬೇರೆಯವರ ಹತ್ತಿರ ಇದೆ ಎಂದರು ಪಂಡಾ. ನನ್ನ ಹೆಸರು, ಅಪ್ಪನ ಹೆಸರು, ತಾರೀಖು ಬರೆದುಕೊಂಡರು. ಸಂಗಡ ಬಂದವರು ಎಂಬಲ್ಲಿ ‘ಭಾಂಜಿ’ ಎಂದಷ್ಟೇ ಬರೆದು ನಿಲ್ಲಿಸಿದರು. ಪುಟ್ಟಿ ಅಲ್ಲೇ ನಿಂತು ನೋಡುತ್ತಿದ್ದಳು. ಅವರು ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿ ಪೆನ್ನು ಕೈಗೆ ಕೊಟ್ಟರು, ‘ಲಿಖ್ ದೋ ಬಿಟಿಯಾ.’ ಅವಳು ಕನ್ನಡದಲ್ಲಿ ಬರೆದಳು. ಒತ್ತಕ್ಷರ ಒಂದು ತಪ್ಪಿತ್ತು. ನಾನು ತಿದ್ದಲಿಲ್ಲ.

ಸ್ಟೇಷನ್ನಿಗೆ ಹೋಗುವಾಗ ರಮಣಾ ರಸ್ತೆಯಲ್ಲಿ ಆಟೋ ನಿಲ್ಲಿಸಿದೆವು. ಸಂಕ್ರಾಂತಿಯ ಕಾಲ, ಸಾಲಾಗಿ ತಿಲಕೂಟದ ಅಂಗಡಿಗಳು. ಗಂಡಸರು ಎಳ್ಳು ಸಕ್ಕರೆಯ ಉಂಡೆಯನ್ನು ಮರದ ಕೊಡತಿಯಿಂದ ತಾಳ ಹಿಡಿದು ಬಡಿಯುತ್ತಿದ್ದರು. ಅದು ನಮ್ಮ ಎಳ್ಳುಬೆಲ್ಲವೂ ಅಲ್ಲ, ಪುಣೆಯ ತಿಳಗುಳವೂ ಅಲ್ಲ. ಪದರು ಪದರಾಗಿ ಬಾಯಲ್ಲಿ ಪುಡಿಯಾಗುವ ಬಿಲ್ಲೆ. ತಂಡಕ್ಕೆ ಎರಡು ಕಿಲೋ, ಅವ್ವನಿಗೆ ಒಂದು ಕಿಲೋ ಕಟ್ಟಿಸಿದೆ. ಇನ್ನೊಂದು ಪೊಟ್ಟಣವನ್ನು ಪುಟ್ಟಿ ತನ್ನ ದುಡ್ಡಿನಲ್ಲೇ ಕೊಂಡಳು. ಕರ್ನಾಟಕದ ತಂಡದ ಗಾಡಿಯೂ ಅದೇ ರಾತ್ರಿ ಇತ್ತು. ಪ್ಲಾಟ್‌ಫಾರ್ಮಿನಲ್ಲಿ ಅವರನ್ನು ಹುಡುಕಿಕೊಂಡು ಹೋಗಿ ಕೊಟ್ಟು ಬಂದಳು.

ವಾಪಸ್ ಬರುವಾಗ ಸಟ್ನಾದ ಹತ್ತಿರ ಅಕ್ಕನ ಮೆಸೇಜು ಬಂತು: ಪರೀಕ್ಷೆ ಮುಗಿಯುವ ತನಕ ಈ ವಿಷಯ ತೆಗೆಯಬಾರದು, ಇಬ್ಬರೂ. ಪುಟ್ಟಿ ಅದನ್ನು ಎರಡು ಸಲ ಓದಿದಳು. ‘ಬ್ಯಾಡ ಅಂದಿಲ್ಲಲ್ಲ?’ ಎಂದಳು. ಮುಂದಿನ ವರ್ಷವೂ ತಾನು 18ರೊಳಗಿನ ಗುಂಪಿನಲ್ಲೇ ಇರುತ್ತೇನೆಂದು ಬೆರಳು ಮಡಚಿ ಲೆಕ್ಕ ಹೇಳಿ, ಬೀಜಗಣಿತದ ಪುಸ್ತಕ ತೆಗೆದುಕೊಂಡು ಕಿಟಕಿಯ ಬದಿಗೆ ಸರಿದು ಕೂತಳು.